ಬೇಸಿಗೆಯ ಸಾಮು: ಅರ್ಧ ಬಲದ ಹಳೆಯ ಲೆಕ್ಕ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ಹೊತ್ತು ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ತೆರೆದ ಬಾಗಿಲು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಉದ್ಯೋಗ ಖಾತ್ರಿ ಕೂಲಿಕಾರರಿಗೂ ಈ ಭಾಗದಲ್ಲಿ ಬೇಸಿಗೆಗೆಂದು ಕೆಲಸದ ಅಳತೆಯಲ್ಲಿ ರಿಯಾಯಿತಿ ಉಂಟು. ಉಳಿದ ಕಾಲಕ್ಕಿಂತ ಕಡಿಮೆ ಮಣ್ಣು ಅಗೆದರೂ ಪೂರ್ತಿ ಕೂಲಿ. ಅಂದರೆ ಬಿಸಿಲಿನಲ್ಲಿ ಮನುಷ್ಯನ ಮೈ ಎಷ್ಟು ದುಡಿಯಬಲ್ಲದು ಎಂಬುದಕ್ಕೆ ಸರ್ಕಾರವೇ ಒಂದು ಲೆಕ್ಕ ಇಟ್ಟುಕೊಂಡಿದೆ.

ಅದೇ ವಾರಗಳಲ್ಲಿ ಅದೇ ಜಿಲ್ಲೆಗಳ ರಸ್ತೆಗಳಲ್ಲಿ ಹುಡುಗರು ಓಡುತ್ತಿರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡುಮಕ್ಕಳು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ. ಅಧಿಸೂಚನೆ ಯಾವಾಗ ಬೀಳುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಬಿದ್ದ ಮೇಲೆ ಚಳಿಗಾಲಕ್ಕೆ ಕಾಯಲು ಆಗುವುದಿಲ್ಲ. ಚಳಿಗಾಲವೆಲ್ಲ ಪುಸ್ತಕ ಹಿಡಿದು ಕೂತವನು ಏಪ್ರಿಲ್ ಮೂರನೇ ವಾರದಲ್ಲಿ ಒಮ್ಮೆಲೇ ಎದ್ದು, ಬೆಳಗ್ಗೆ 8.30ರ ಬಿಸಿಲಿನಲ್ಲಿ ಡಾಂಬರಿನ ಮೇಲೆ ಓಡಲು ಶುರುಮಾಡುತ್ತಾನೆ. ಹೊಟ್ಟೆ ಕರಗಿಸಲು ಜಿಮ್ಮಿಗೆ ಸೇರಿದ ಪೇಟೆಯ ಮಂದಿಯದೂ ಬಹುಮಟ್ಟಿಗೆ ಇದೇ ಕತೆ. ಅವರಿಗೆ ನೆರಳಿದೆ, ಅಷ್ಟೇ ವ್ಯತ್ಯಾಸ.

ಇದನ್ನು ನೋಡುವಾಗೆಲ್ಲ ನಮ್ಮ ಬಳಗದಲ್ಲಿ ಒಂದು ಪ್ರಶ್ನೆ ಏಳುತ್ತಿತ್ತು. ಈ ನೆಲದಲ್ಲಿ ಗರಡಿಗಳಿದ್ದವು, ಜಟ್ಟಿಗಳಿದ್ದರು, ದಂಡ ಬಸ್ಕಿ ಹೊಡೆಯುವವರು ಊರೂರಿಗೂ ಇದ್ದರು. ಬಿಸಿಲು ಆಗಲೂ ಇತ್ತು. ಅವರು ಬೇಸಿಗೆಯಲ್ಲಿ ಏನು ಮಾಡುತ್ತಿದ್ದರು? ಹುಡುಕುತ್ತ ಹೋದಾಗ ಸಿಕ್ಕಿದ್ದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಹಳಬರ ಬಳಿ ಇದಕ್ಕೊಂದು ಸ್ಪಷ್ಟ ಲೆಕ್ಕವಿತ್ತು. ಇಪ್ಪತ್ತನೇ ಶತಮಾನದ ವಿಜ್ಞಾನ ಬೇರೊಂದು ದಾರಿಯಲ್ಲಿ ಹೋಗಿ, ಸಾವುನೋವು ಕಂಡ ಮೇಲೆ, ಆ ಲೆಕ್ಕದ ಹತ್ತಿರಕ್ಕೇ ಬಂತು.

ಮೊದಲು ಒಂದು ಮಾತು. ವ್ಯಾಯಾಮದ ಇತಿಹಾಸ ಎಂದರೆ ಎಲ್ಲರ ಇತಿಹಾಸವಲ್ಲ. ಹೊಲದಲ್ಲಿ ಗೇಯುವವನಿಗೆ ಸಾಮು ಮಾಡುವ ಪುರುಸೊತ್ತೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಎರಡು ಕೊಡ ಹೊತ್ತು ದೂರದ ಬಾವಿಯಿಂದ ಮನೆಗೆ ಬರುವ ಹೆಂಗಸಿಗೆ ಬೇಸಿಗೆಯೇ ಅತಿ ಹೆಚ್ಚು ಕಸರತ್ತಿನ ಕಾಲ. ನೀರು ಕೆಳಗಿಳಿದಷ್ಟೂ ಹಗ್ಗ ಉದ್ದವಾಗುತ್ತದೆ, ದಾರಿ ದೂರವಾಗುತ್ತದೆ. ಅದನ್ನು ಯಾವ ಗ್ರಂಥವೂ ವ್ಯಾಯಾಮವೆಂದು ಬರೆದಿಡಲಿಲ್ಲ. ಬರೆದಿಟ್ಟದ್ದು ಹೆಚ್ಚಾಗಿ ಗಂಡಸರದು, ಅದರಲ್ಲೂ ತುಪ್ಪ ತಿನ್ನುವ ಅನುಕೂಲ ಇದ್ದವರದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಸುಮಾರು 7ನೇ ಶತಮಾನದ ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಯ ಅಧ್ಯಾಯವೊಂದಿದೆ. ಹಲ್ಲುಜ್ಜುವುದು, ಎಣ್ಣೆ ಹಚ್ಚುವುದು, ಸ್ನಾನ ಮುಂತಾದವುಗಳ ನಡುವೆ ವ್ಯಾಯಾಮವೂ ಬರುತ್ತದೆ. ಅಲ್ಲಿ ಹೇಳಿರುವ ನಿಯಮ ಸರಳ. ಬಲವಿದ್ದವರು, ಜಿಡ್ಡಿನ ಊಟ ಮಾಡುವವರು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು. ಉಳಿದ ಕಾಲದಲ್ಲಿ ಅದಕ್ಕಿಂತ ಮಂದವಾಗಿ. ಗಮನಿಸಿ, ಒಳ್ಳೆಯ ಕಾಲದಲ್ಲೇ ಅರ್ಧ ಬಲ! ಬೇಸಿಗೆಯ ಪಾಲು ಅದಕ್ಕೂ ಕಡಿಮೆ. ಮಿತಿ ಮೀರಿದರೆ ಬಾಯಾರಿಕೆ, ಏದುಸಿರು, ಬಳಲಿಕೆ, ಜ್ವರ, ವಾಂತಿ ಬರುತ್ತವೆ ಎಂದು ಅವನು ಪಟ್ಟಿ ಕೊಡುತ್ತಾನೆ. ಈಗಿನ ವೈದ್ಯರು ಬಿಸಿಲಿನ ಬಳಲಿಕೆಗೆ ಹೇಳುವ ಲಕ್ಷಣಗಳ ಜೊತೆ ಇದನ್ನಿಟ್ಟು ನೋಡಿದರೆ ಹಲವು ಸಾಲುಗಳು ಕೂಡುತ್ತವೆ.

ಅರ್ಧ ಬಲ ಎಂದರೆ ಎಷ್ಟು? ಅಳೆಯಲು ಕೈಗಡಿಯಾರವಿಲ್ಲ, ನಾಡಿ ಎಣಿಸುವ ಯಂತ್ರವಿಲ್ಲ. ಸುಶ್ರುತ ಸಂಹಿತೆ ಇದಕ್ಕೆ ಕೊಡುವ ಗುರುತು ನಮಗೆ ಬಹಳ ಹಿಡಿಸಿತು. ವ್ಯಾಯಾಮ ಮಾಡುತ್ತಿರುವವನ ಉಸಿರು ಎದೆಯಿಂದ ಬಾಯಿಗೆ ಬಂದಾಗ ಅರ್ಧ ಬಲ ಮುಗಿಯಿತು. ಅಂದರೆ ಮೂಗಿನಲ್ಲಿ ಉಸಿರಾಡಲು ಆಗದೆ ಬಾಯಿ ತೆರೆಯುವ ಗಳಿಗೆ. ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರು ಒಡೆಯುವುದು, ಬಾಯಿ ಒಣಗುವುದು ಎಂಬ ಗುರುತುಗಳನ್ನೂ ಆಯುರ್ವೇದದ ಪರಂಪರೆ ಹೇಳುತ್ತದೆ. ಈಗಿನ ತರಬೇತುದಾರರು 'ಓಡುತ್ತ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಕಡಿಮೆ ಮಾಡು' ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ದೂರವಿಲ್ಲ. ಈ ಅಳತೆಗೋಲಿನಲ್ಲಿ ಇನ್ನೊಂದು ಗುಣವಿದೆ. ಚಳಿಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ತೆರೆಯುವ ಬಾಯಿ ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೇ ತೆರೆಯುತ್ತದೆ. ಋತುವಿಗೆ ತಕ್ಕಂತೆ ಅಳತೆ ತಾನೇ ಕುಗ್ಗುತ್ತದೆ. ಬೇರೆ ಕೋಷ್ಟಕ ಬೇಕಿಲ್ಲ.

ಚರಕ ಸಂಹಿತೆ ಇದಕ್ಕೆ ಕೊಡುವ ಕಾರಣ ಬೇರೆ. ಉತ್ತರಾಯಣದಲ್ಲಿ ಸೂರ್ಯ ನೆಲದ ಸಾರವನ್ನೂ ಮೈಯ ಸಾರವನ್ನೂ ಹೀರುತ್ತಾನೆ, ಆದ್ದರಿಂದ ಗ್ರೀಷ್ಮದ ಹೊತ್ತಿಗೆ ಬಲ ತೀರ ಇಳಿದಿರುತ್ತದೆ ಎಂಬುದು ಅದರ ವಾದ. ಬೇಸಿಗೆಯಲ್ಲಿ ವ್ಯಾಯಾಮ ಬೇಡ, ಉಪ್ಪು ಹುಳಿ ಖಾರ ಬೇಡ. ತಣ್ಣಗಿನ, ಸಿಹಿಯಾದ, ದ್ರವರೂಪದ ಆಹಾರ ಬೇಕು ಎನ್ನುತ್ತದೆ. ಬೇರೆ ಕಾಲದಲ್ಲಿ ಸಾಮಾನ್ಯವಾಗಿ ಕೂಡದೆನ್ನುವ ಹಗಲು ನಿದ್ದೆಗೆ ಬೇಸಿಗೆಯಲ್ಲಿ ಒಪ್ಪಿಗೆ ಕೊಡುತ್ತದೆ. ಹುರಿದ ಹಿಟ್ಟನ್ನು ಸಕ್ಕರೆ ಹಾಕಿ ತಣ್ಣೀರಿನಲ್ಲಿ ಕದಡಿದ 'ಮಂಥ'ವನ್ನು ಕುಡಿಯಲು ಹೇಳುತ್ತದೆ. ರಾಗಿ ಹುರಿಹಿಟ್ಟನ್ನು ಬೆಲ್ಲದ ನೀರಿನಲ್ಲಿ ಕಲಸಿ ಕುಡಿದು ಬೆಳೆದವರಿಗೆ ಇದು ಹೊಸ ಸುದ್ದಿಯಲ್ಲ.

ಆದರೆ ಎಲ್ಲಕ್ಕೂ ತಲೆಯಾಡಿಸಬೇಕಿಲ್ಲ. ಉಪ್ಪು ಬೇಡ ಎಂಬ ಮಾತನ್ನೇ ನೋಡಿ. ನೆರಳಿನಲ್ಲಿ ಕೂತ ಅರಸನಿಗೆ ಅದು ಸರಿಯಿರಬಹುದು. ಬಿಸಿಲಿನಲ್ಲಿ ಬೆವರು ಸುರಿಸುವವನಿಗೆ ಅಲ್ಲ. ನಮ್ಮ ರೈತರು ಆ ಮಾತನ್ನು ಯಾವತ್ತೂ ಪಾಲಿಸಿದಂತೆ ಕಾಣುವುದಿಲ್ಲ. ಹೊಲಕ್ಕೆ ಹೋಗುವ ಬುತ್ತಿಯಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆಯೂ ಇರುತ್ತಿತ್ತು, ಉಪ್ಪಿನಕಾಯಿಯೂ ಇರುತ್ತಿತ್ತು. ಈ ವಿಷಯದಲ್ಲಿ ಯಾರು ಸರಿ ಎಂಬುದು ತೀರ್ಮಾನವಾದದ್ದು 1923ರ ಸುಮಾರಿಗೆ, ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ. ಬಿಸಿಯಾದ ಆಳದ ಗಣಿಯಲ್ಲಿ ಬೆವರು ಸುರಿಸಿ ಬರೀ ನೀರು ಕುಡಿದವರಿಗೆ ಸ್ನಾಯು ಸೆಳೆತ ಬರುತ್ತದೆ, ನೀರಿಗೆ ಸ್ವಲ್ಪ ಉಪ್ಪು ಸೇರಿಸಿದರೆ ಬರುವುದಿಲ್ಲ ಎಂಬುದನ್ನು ಮಾಸ್ ಎಂಬ ಸಂಶೋಧಕ ಅಲ್ಲಿ ತೋರಿಸಿದ. ಮಜ್ಜಿಗೆ ಗೆದ್ದಿತು ಎನ್ನೋಣ.

ಗ್ರಂಥದ ಮಾತು ಬಿಟ್ಟು ನಿಜವಾದ ಪೈಲ್ವಾನರ ಕಡೆಗೆ ಬಂದರೆ ನಮಗೆ ಸಿಗುವ ದೊಡ್ಡ ದಾಖಲೆ ಕನ್ನಡ ನಾಡಿನದೇ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿಂದ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆದ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ಅಡುಗೆ, ಆನೆ, ಚಿತ್ರಕಲೆ, ಸಂಗೀತ ಎಲ್ಲವೂ ಇದೆ. ಅದರಲ್ಲಿ ಒಂದು ಅಧ್ಯಾಯ ಮಲ್ಲವಿನೋದ, ಅಂದರೆ ಕುಸ್ತಿ.

ಸೋಮೇಶ್ವರ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲದ ಮೇಲೆ ಮೂರು ದರ್ಜೆಯಾಗಿ ವಿಂಗಡಿಸುತ್ತಾನೆ. ಅವರಿಗೆ ಅರಮನೆಯಿಂದ ಯಾವ ಊಟ ಹೋಗಬೇಕು ಎಂದು ಹೇಳುತ್ತಾನೆ: ಬೇಳೆಕಾಳು, ಮಾಂಸ, ಹಾಲು, ಮೊಸರು, ತುಪ್ಪ, ಸಿಹಿ. ಆಮೇಲೆ ಅವರು ಮಾಡಬೇಕಾದ ಶ್ರಮಗಳ ಹೆಸರು ಬರುತ್ತದೆ. ಭಾರ ಎತ್ತುವ ಭಾರಶ್ರಮ, ಸುತ್ತಾಡುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳಿಗೆ ತೋಳು ಹಚ್ಚುವ ಬಾಹುಪೆಲ್ಲಣಕಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಕೊನೆಯದನ್ನು ಮಲ್ಲಗಂಬದ ಅತಿ ಹಳೆಯ ಉಲ್ಲೇಖಗಳಲ್ಲಿ ಒಂದೆಂದು ಆಟದ ಇತಿಹಾಸಕಾರರು ಎಣಿಸುತ್ತಾರೆ.

ನಮ್ಮ ಕಣ್ಣು ನಿಂತದ್ದು ಸಲಿಲಶ್ರಮದ ಮೇಲೆ. ಪೈಲ್ವಾನನ ತಾಲೀಮಿನಲ್ಲಿ ನೀರಿಗೆ ತನ್ನದೇ ಜಾಗವಿತ್ತು. ನೀರಿನಲ್ಲಿ ಕೈಕಾಲು ಬಡಿಯುವವನ ಸ್ನಾಯು ದುಡಿಯುತ್ತದೆ, ಆದರೆ ಹುಟ್ಟಿದ ಬಿಸಿಯನ್ನು ಸುತ್ತಲ ನೀರು ಕೂಡಲೇ ಎಳೆದುಕೊಳ್ಳುತ್ತದೆ. ಬಸವಕಲ್ಯಾಣದ ಮೇ ತಿಂಗಳ ಬಿಸಿಲು ಗೊತ್ತಿರುವ ಯಾರಿಗಾದರೂ ಇದರ ಅನುಕೂಲ ವಿವರಿಸಬೇಕಿಲ್ಲ. ಸೋಮೇಶ್ವರ ಅದನ್ನು ಬೇಸಿಗೆಗೆಂದೇ ಹೇಳಿದ ಎಂದು ನಾವು ಹೇಳುತ್ತಿಲ್ಲ. ಆದರೆ ಕುಡಿಯುವ ನೀರಿನ ಬಗ್ಗೆಯೇ ಒಂದು ಅಧ್ಯಾಯ ಬರೆದು, ಯಾವ ಋತುವಿಗೆ ಯಾವ ನೀರು ಎಂದು ಯೋಚಿಸಿದ ಮನುಷ್ಯ ಅವನು. ಋತುವಿನ ಲೆಕ್ಕ ಆ ಅರಮನೆಯ ಉಸಿರಿನಲ್ಲೇ ಇತ್ತು.

ಗರಡಿ ಮನೆಯ ಕಟ್ಟಡವೇ ಒಂದು ಪಾಠ. ಮೈಸೂರಿನ ಹಳೆಯ ಕೇರಿಗಳಲ್ಲಿ ಉಳಿದಿರುವ ಗರಡಿಗಳನ್ನು ನೋಡಿದವರಿಗೆ ಗೊತ್ತು. ಬಾಗಿ ಒಳಗೆ ಹೋಗಬೇಕಾದ ಕಿರುಬಾಗಿಲು, ದಪ್ಪ ಗೋಡೆ, ಸಣ್ಣ ಕಿಂಡಿ, ಒಳಗೆ ಮಬ್ಬು, ಎದುರಿಗೆ ಹನುಮಂತ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಅಖಾಡ. ಬಾಗಿಲು ಕಿರಿದಾಗಿರುವುದಕ್ಕೆ ದೇವರ ಮುಂದೆ ತಲೆಬಾಗಬೇಕು ಎಂಬ ಕಾರಣ ಹೇಳುತ್ತಾರೆ. ಅದು ನಿಜವೇ ಇರಬಹುದು. ಆ ಕಿರುಬಾಗಿಲಿನಿಂದ ಬಿಸಿಗಾಳಿಯೂ ಒಳಗೆ ಬರುವುದಿಲ್ಲ ಎಂಬುದೂ ನಿಜ. ಹದವಾದ ಒದ್ದೆ ಮಣ್ಣು ಮೈಗೆ ಮೆತ್ತಿಕೊಂಡಾಗ ಆಗುವ ತಂಪು ಎಷ್ಟೆಂದು ಪೈಲ್ವಾನರನ್ನೇ ಕೇಳಬೇಕು. ಸಾಮಿನ ಹೊತ್ತೂ ಅಷ್ಟೇ ಗಟ್ಟಿ. ಕೋಳಿ ಕೂಗುವ ಮುಂಚೆ ಎದ್ದು, ಬೆಳಕು ಹರಿಯುವ ಹೊತ್ತಿಗೆ ದಂಡ ಬಸ್ಕಿ ಮುಗಿದಿರಬೇಕು. ಇಡೀ ದಿನದಲ್ಲಿ ನೆಲವೂ ಗಾಳಿಯೂ ಅತಿ ತಂಪಾಗಿರುವುದು ಸೂರ್ಯ ಹುಟ್ಟುವ ಮುಂಚಿನ ಆ ಗಂಟೆಯಲ್ಲೇ. ಸಂಜೆ ಐದರ ಗಾಳಿ ನಮಗೆ ಹಿತವೆನಿಸಿದರೂ ಹಗಲೆಲ್ಲ ಕಾದ ನೆಲ ಆಗಲೂ ಬಿಸಿ ಬಿಡುತ್ತಿರುತ್ತದೆ.

ಇನ್ನು ಪಂಚಾಂಗ. ಮೈಸೂರಿನ ದೊಡ್ಡ ಕುಸ್ತಿಗಳು ದಸರೆಗೆ. ಜಟ್ಟಿಗಳ ವಜ್ರಮುಷ್ಟಿ ಕಾಳಗ ವಿಜಯದಶಮಿಗೆ. ಅದಕ್ಕೆ ಬೇಕಾದ ಬಿರುಸಿನ ತಯಾರಿ ಬೀಳುವುದು ಮಳೆಗಾಲದ ತಂಪು ತಿಂಗಳುಗಳಲ್ಲಿ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಯ ಆಸುಪಾಸು ಗರಡಿಗಳಿಗೆ ಜೀವ ಬರುತ್ತದೆ. ವಿಜಯಪುರದ ಕಡೆ ಸಂಗ್ರಾಣಿ ಕಲ್ಲು ಎತ್ತುವುದು, ಜೋಳದ ಚೀಲ ಎತ್ತುವುದು ಕಾರಹುಣ್ಣಿಮೆಗೆ. ಅಂದರೆ ಜೂನ್ ತಿಂಗಳಲ್ಲಿ, ಮುಂಗಾರಿನ ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ. ಬಲ ತೋರಿಸುವ ದೊಡ್ಡ ದಿನಗಳಲ್ಲಿ ಹಲವು ಹೀಗೆ ಮಳೆಯ ಈಚೆಗೇ ಬಂದು ನಿಂತಿವೆ. ಇದಕ್ಕೆ ಒಕ್ಕಲುತನದ ಕಾರಣಗಳೂ ಇವೆ, ಬರೀ ಆರೋಗ್ಯದ ಲೆಕ್ಕ ಎನ್ನಲಾಗದು.

ಹಾಗೆಂದು ಬೇಸಿಗೆ ಬರಿದಾಗಿರಲಿಲ್ಲ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವ ಕಾಲ ಅದೇ. ಊರ ಜಾತ್ರೆಗಳು ಬರುವುದೂ ಆಗಲೇ. ಜಾತ್ರೆಯಲ್ಲಿ ಕುಸ್ತಿ ಬಯಲು ಇದ್ದರೆ ಹೊತ್ತು ಇಳಿದ ಮೇಲೆ ಜೋಡಿ ಬಿಡುತ್ತಿದ್ದರು. ಪೈಲ್ವಾನರು ಬಾದಾಮಿ, ಗಸಗಸೆ, ಮೆಣಸು ಅರೆದು ಹಾಲಿನಲ್ಲಿ ಕದಡಿದ ಥಂಡಾಯಿ ಕುಡಿಯುತ್ತಿದ್ದರು. ಇನ್ನೊಂದು ಕಡೆ ಬಯಲಾಟದ ತಾಲೀಮು. ಉತ್ತರ ಕರ್ನಾಟಕದಲ್ಲಿ ಕುಸ್ತಿಯ ಮನೆಗೂ ತಾಲೀಮು ಎನ್ನುತ್ತಾರೆ, ನಾಟಕದ ಅಭ್ಯಾಸಕ್ಕೂ ತಾಲೀಮು ಎನ್ನುತ್ತಾರೆ. ಊಟ ಮುಗಿಸಿ ರಾತ್ರಿ ಹತ್ತಕ್ಕೆ ಸೇರಿದವರು ಕಾಲಿಗೆ ಗೆಜ್ಜೆ ಕಟ್ಟಿ ನಡುರಾತ್ರಿಯ ತನಕ ಕುಣಿಯುತ್ತಿದ್ದರು. ಬೆಳದಿಂಗಳಿದ್ದರೆ ಹುಡುಗರ ಕಬಡ್ಡಿ. ಇವನ್ನು ಯಾರೂ ವ್ಯಾಯಾಮವೆಂದು ಕರೆಯಲಿಲ್ಲ. ಆದರೆ ದೊಡ್ಡಾಟದ ಕುಣಿತ ಒಂದು ಗಂಟೆ ಕುಣಿದು ನೋಡಿ, ಆಮೇಲೆ ಮಾತಾಡೋಣ.

ಈ ಋತುವಿನ ಲೆಕ್ಕ ಎಲ್ಲಿ ತಪ್ಪಿತು? ಒಂದು ದಿನದಲ್ಲಿ ತಪ್ಪಲಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರ ಬರುವಾಗಲೂ ಗರಡಿ ಮತ್ತು ಯೋಗ ಅಕ್ಕಪಕ್ಕದ ಮನೆಗಳೇ ಆಗಿದ್ದವು. ಅಲ್ಲಿ ಹಗ್ಗದ ಮೇಲೆ ಮಾಡುವ ಆಸನಗಳೂ ಇವೆ. ಮುಂದೆ ಇಪ್ಪತ್ತನೇ ಶತಮಾನದಲ್ಲಿ ವ್ಯಾಯಾಮ ಪುಸ್ತಕಕ್ಕೂ ಅಂಚೆಗೂ ಬಂತು. ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ 1920ರ ದಶಕದಲ್ಲಿ ಸೂರ್ಯನಮಸ್ಕಾರವನ್ನು ಶಾಲೆ ಶಾಲೆಗೆ ಹಬ್ಬಿಸಿದರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಮರುವರ್ಷವೇ ಅವರ 'ಯೋಗ ಮಕರಂದ' ಕನ್ನಡದಲ್ಲಿ ಬಂತು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ಕಟ್ಟಿ, ದೂರದೂರಿನವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. 'ಶಾಂತಲಾ', 'ರೂಪದರ್ಶಿ' ಬರೆದ ಕಾದಂಬರಿಕಾರರೂ ಇವರೇ. ಅಂಥ ತೋಳು, ಅಂಥ ಗದ್ಯ ಒಬ್ಬರಲ್ಲೇ ಇದ್ದದ್ದು ನಮಗೆ ಇವತ್ತಿಗೂ ಸೋಜಿಗ.

ಇವರೆಲ್ಲ ದೊಡ್ಡ ಕೆಲಸ ಮಾಡಿದರು. ಗರಡಿಯ ಬಾಗಿಲಿನಿಂದ ವ್ಯಾಯಾಮ ಹೊರಗೆ ಬಂತು, ಗುಮಾಸ್ತನೂ ವಿದ್ಯಾರ್ಥಿಯೂ ಮಾಡುವಂತಾಯಿತು. ಆದರೆ ಪುಸ್ತಕದಲ್ಲಿ, ಅಂಚೆಯ ಪಾಠದಲ್ಲಿ ವ್ಯಾಯಾಮಕ್ಕೆ ಎಣಿಕೆ ಬಂತು. ದಿನಕ್ಕೆ ಇಷ್ಟು ನಮಸ್ಕಾರ, ಇಷ್ಟು ನಿಮಿಷ, ತಪ್ಪದೆ. ಈ ತಪ್ಪದೆ ಎಂಬ ಮಾತಿನಲ್ಲಿ ಶಿಸ್ತಿದೆ, ಋತು ಇಲ್ಲ. ಗರಡಿಯಲ್ಲಿ ಉಸ್ತಾದ ಎದುರಿಗಿದ್ದು ಹುಡುಗನ ಬಾಯಿ ತೆರೆದದ್ದನ್ನು ನೋಡಿ ಸಾಕು ಎನ್ನುತ್ತಿದ್ದ. ಪುಸ್ತಕಕ್ಕೆ ಕಣ್ಣಿಲ್ಲ. ಇವತ್ತಿನ ಮೊಬೈಲ್ ಆ್ಯಪ್ ಆ ಪುಸ್ತಕದ ಮೊಮ್ಮಗ. ಹತ್ತು ಸಾವಿರ ಹೆಜ್ಜೆ ಎಂದರೆ ಡಿಸೆಂಬರಿನಲ್ಲೂ ಹತ್ತು ಸಾವಿರ, ಮೇ ತಿಂಗಳ ರಾಯಚೂರಿನಲ್ಲೂ ಹತ್ತು ಸಾವಿರ.

ಅದೇ ಶತಮಾನದ ಕೊನೆಯ ಭಾಗದಲ್ಲಿ ಇನ್ನೊಂದು ಕಳೆದುಹೋಯಿತು. ಬಾವಿ. ಕೋಲಾರ, ತುಮಕೂರು, ಚಿತ್ರದುರ್ಗದ ಬಯಲಿನಲ್ಲಿ ಬೇಸಿಗೆ ರಜೆ ಎಂದರೆ ತೆರೆದ ಬಾವಿಯ ಈಜು. ಬೆನ್ನಿಗೆ ಕತ್ತಾಳೆ ಬೆಂಡೋ ಒಣಗಿದ ಸೋರೆಬುರುಡೆಯೋ ಕಟ್ಟಿ, ಸೋದರಮಾವನೋ ದೊಡ್ಡಪ್ಪನ ಮಗನೋ ಮೇಲಿಂದ ತಳ್ಳುತ್ತಿದ್ದರು. ಎರಡು ಬೇಸಿಗೆಗೆ ಬೆಂಡು ಬಿಚ್ಚುತ್ತಿತ್ತು. ಸೋಮೇಶ್ವರನ ಸಲಿಲಶ್ರಮ ಹಳ್ಳಿ ಹುಡುಗರ ಪಾಲಿಗೆ ಉಳಿದದ್ದು ಹೀಗೆ. ಕೊಳವೆಬಾವಿಗಳು ಬಂದು ಅಂತರ್ಜಲ ಕೆಳಕ್ಕೆ ಹೋದಂತೆ ಆ ಬಾವಿಗಳು ಬತ್ತಿದವು. ಕೆಲವು ಕಸ ತುಂಬಿಕೊಂಡವು, ಕೆಲವು ಮುಚ್ಚಿಯೇಹೋದವು. ಈಗಿನ ಮಕ್ಕಳು ಈಜು ಬಾರದೆ ಕೃಷಿ ಹೊಂಡಕ್ಕೆ, ಕಲ್ಲು ಕ್ವಾರಿಗೆ ಇಳಿಯುತ್ತಾರೆ. ಪ್ರತಿ ಬೇಸಿಗೆಯಲ್ಲಿ ಜಿಲ್ಲಾ ಪುಟಗಳಿಗೆ ಬರುವ ಆ ಒಂದು ಕಾಲಮ್ಮಿನ ಸುದ್ದಿಯನ್ನು ನಮ್ಮಲ್ಲಿ ಹಲವರು ಬರೆದಿದ್ದೇವೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಬದಿ ಜಾರುತ್ತದೆ, ಬಿದ್ದವನಿಗೆ ಹಿಡಿದು ಹತ್ತಲು ಕಲ್ಲಿನ ಮೆಟ್ಟಿಲು ಇಲ್ಲ. ಹಳೆಯ ಬಾವಿಗೆ ಮೆಟ್ಟಿಲೂ ಇತ್ತು, ಕಾಯಲು ಮಾವನೂ ಇದ್ದ.

ಇನ್ನು ವಿಜ್ಞಾನ ಬಂದ ದಾರಿ. ಬಿಸಿಯಲ್ಲಿ ದುಡಿಯುವ ಮೈಯನ್ನು ಹತ್ತಿರದಿಂದ ನೋಡಬೇಕಾಗಿ ಬಂದದ್ದು ಆಟದ ಮೈದಾನದವರಿಗಲ್ಲ, ಗಣಿಯವರಿಗೆ. ಆಳಕ್ಕೆ ಹೋದಷ್ಟೂ ಬಂಡೆ ಬಿಸಿ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಯಂತ್ರಗಳಿಂದ ಗಾಳಿ ತಂಪು ಮಾಡಿ ಕೆಳಗೆ ಕಳಿಸದಿದ್ದರೆ ಮನುಷ್ಯ ನಿಲ್ಲುವ ಹಾಗೇ ಇರಲಿಲ್ಲ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ 1920ರ ದಶಕದಲ್ಲಿ ಬಿಸಿಯಾಘಾತದ ಸಾವುಗಳು ಶುರುವಾದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೆಚ್ಚು ಅಪಾಯ ಇದ್ದದ್ದು ಹೊಸದಾಗಿ ಬಂದವರಿಗೆ, ಅದೂ ಮೊದಲ ಕೆಲವು ದಿನಗಳಲ್ಲಿ. ಹಳಬರು ಅದೇ ಬಿಸಿಯಲ್ಲಿ ಅದೇ ಕೆಲಸ ಮಾಡಿ ಮೇಲೆ ಬರುತ್ತಿದ್ದರು. ಆಗ ಗಣಿಯವರು ಹೊಸಬರಿಗೆ ಮೊದಲು ಕಡಿಮೆ ಕೆಲಸ ಕೊಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸತೊಡಗಿದರು. ಕೂಲಿಯಾಳುಗಳ ಮೇಲಿನ ಕರುಣೆಯಿಂದ ಮಾಡಿದ್ದಲ್ಲ ಅದು, ಆಳು ಸತ್ತರೆ ಚಿನ್ನ ಮೇಲೆ ಬರುವುದಿಲ್ಲವಲ್ಲ. ಉದ್ದೇಶ ಏನೇ ಇರಲಿ, ತಿಳಿದದ್ದು ನಿಜ. ಬಿಸಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈಯಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಿರುತ್ತದೆ. ಅದೇ ಕೆಲಸಕ್ಕೆ ಎದೆ ಕಡಿಮೆ ಬಡಿಯುತ್ತದೆ. ಕೆಲವು ವಾರ ಬಿಟ್ಟರೆ ಗಳಿಸಿದ್ದು ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು.

1950ರ ದಶಕದಲ್ಲಿ ಅಮೆರಿಕದ ಮರೀನ್ ಪಡೆಗೂ ಇದೇ ಪಾಠ. ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲೆಂಡ್ ತರಬೇತಿ ಕೇಂದ್ರದಲ್ಲಿ ಹೊಸದಾಗಿ ಸೇರಿದ ಹುಡುಗರು ಬೇಸಿಗೆಯಲ್ಲಿ ಕುಸಿದು ಬೀಳುತ್ತಿದ್ದರು. ಯಾಗ್ಲೂ ಮತ್ತು ಮಿನಾರ್ಡ್ ಎಂಬ ಇಬ್ಬರು 1957ರಲ್ಲಿ ಪ್ರಕಟಿಸಿದ ಅಳತೆಯನ್ನೇ ಇವತ್ತಿಗೂ ಜಗತ್ತು ಬಳಸುತ್ತಿದೆ. ಬರೀ ಗಾಳಿಯ ಬಿಸಿ ನೋಡಿದರೆ ಸಾಲದು ಎಂಬುದು ಅದರ ತಿರುಳು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಲೆಕ್ಕಕ್ಕೆ 70 ಪಾಲು, ಬಿಸಿಲಿಗೆ ಇಟ್ಟ ಕಪ್ಪು ಗೋಳದ ಲೆಕ್ಕಕ್ಕೆ 20 ಪಾಲು, ನಾವು ದಿನವೂ ಪತ್ರಿಕೆಯಲ್ಲಿ ಓದುವ ಗಾಳಿಯ ಉಷ್ಣಾಂಶಕ್ಕೆ ಬರೀ 10 ಪಾಲು. ಒದ್ದೆ ಬಟ್ಟೆಗೆ ಅಷ್ಟು ಮಾನ ಯಾಕೆಂದರೆ ಮನುಷ್ಯನ ಚರ್ಮವೂ ಓಡುವಾಗ ಒದ್ದೆ ಬಟ್ಟೆಯೇ. ಬೆವರು ಆರಿದರೆ ಮಾತ್ರ ತಂಪು. ಮಂಗಳೂರಿನ 34 ಡಿಗ್ರಿ ಯಾಕೆ ಬೇಯಿಸುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದಿಲ್ಲ, ಸುಮ್ಮನೆ ಹರಿದುಹೋಗುತ್ತದೆ.

ಸುಶ್ರುತನ ತೆರೆದ ಬಾಯಿಗೂ ಗಣಿಯವರ ಎರಡು ವಾರಕ್ಕೂ ಒಂದು ವ್ಯತ್ಯಾಸ ಇದೆ. ಹಳಬರು ಬೇಸಿಗೆಯಲ್ಲಿ ತಗ್ಗಿಸು ಎಂದರು. ಹೊಸಬರು ತಗ್ಗಿಸಿ ಶುರುಮಾಡು, ಆಮೇಲೆ ಏರಿಸು ಎಂದರು. ನಮ್ಮ ರಸ್ತೆಯ ಮೇಲೆ ಓಡುವ ಹುಡುಗನಿಗೆ ಎರಡನೆಯದು ಹೆಚ್ಚು ಉಪಯೋಗಕ್ಕೆ ಬರುವ ಮಾತು, ಯಾಕೆಂದರೆ ಅವನಿಗೆ ನಿಲ್ಲಿಸುವ ಅನುಕೂಲ ಇಲ್ಲ. ಆದರೆ ಯಾವತ್ತು ಸಾಕು ಎನ್ನಬೇಕೆಂದು ತಿಳಿಯಲು ಮೊದಲನೆಯದೇ ಬೇಕು. ಅವನ ಬಳಿ ಕಪ್ಪು ಗೋಳವಿಲ್ಲ, ಬಾಯಿ ಇದೆ.

ಈ ಲೆಕ್ಕ ತಪ್ಪಿದರೆ ಏನಾಗಬಹುದು ಎಂಬುದನ್ನು 2024ರ ಆಗಸ್ಟಿನಲ್ಲಿ ಜಾರ್ಖಂಡ್ ನೋಡಿತು. ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ ಗಂಡಸರು ಒಂದು ಗಂಟೆಯಲ್ಲಿ 10 ಕಿಲೋಮೀಟರ್ ಓಡಬೇಕಿತ್ತು. ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಕಾರಣದ ಬಗ್ಗೆ ವಾದವಿವಾದ ನಡೆಯಿತು. ಅದು ಬೇಸಿಗೆಯೂ ಅಲ್ಲ, ಮಳೆಗಾಲದ ಸೆಕೆ. ಒದ್ದೆ ಬಟ್ಟೆಯ ಲೆಕ್ಕ ಯಾಕೆ ಮುಖ್ಯ ಎಂಬುದನ್ನು ಇದಕ್ಕಿಂತ ಕಟುವಾಗಿ ಹೇಳಲು ಆಗದು. ಸಾವುಗಳಾದ ಮೇಲೆ ಅಲ್ಲಿನ ಸರ್ಕಾರ ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಿ, ಬೆಳಗ್ಗೆ 9ರ ನಂತರ ಯಾರನ್ನೂ ಓಡಿಸಕೂಡದು ಎಂದಿತು.

ಪರೀಕ್ಷೆಯ ದಿನಕ್ಕೆ ಅಂಥ ನಿಯಮ ಬರಬಹುದು. ತಯಾರಿಯ ಮೂರು ತಿಂಗಳಿಗೆ ನಿಯಮ ಮಾಡುವವರು ಯಾರೂ ಇಲ್ಲ. ಉಸ್ತಾದ ಇಲ್ಲದ ಗರಡಿ ಅದು. ನಮಗೆ ಗೊತ್ತಿರುವ ಹುಡುಗರಿಗೆ ನಾವು ಹೇಳುತ್ತಿರುವುದು ಇಷ್ಟೇ. ಬೇಸಿಗೆಯಲ್ಲಿ ಶುರುಮಾಡುವುದಾದರೆ ಮೊದಲ ವಾರ ಗಡಿಯಾರ ಮನೆಯಲ್ಲೇ ಬಿಡಿ, ನಡಿಗೆಗೆ ಓಟ ಬೆರೆಸಿ, ಬಾಯಿ ತೆರೆದ ಕೂಡಲೇ ನಡಿಗೆಗೆ ಇಳಿಯಿರಿ. ಎರಡನೇ ವಾರ ಸ್ವಲ್ಪ ಏರಿಸಿ. 6 ನಿಮಿಷ 30 ಸೆಕೆಂಡಿನ ಯೋಚನೆ ಮೂರನೇ ವಾರಕ್ಕೆ ಇರಲಿ. ಓಡಿ ಬಂದ ಮೇಲೆ ಬರೀ ನೀರು ಬೇಡ, ಉಪ್ಪು ಹಾಕಿದ ಮಜ್ಜಿಗೆ ಇರಲಿ. ಜೊತೆಗೆ ಓಡುವವನ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಅವನು ಎಲ್ಲಿದ್ದೇನೆಂದು ತಿಳಿಯದವನಂತೆ ನೋಡಿದರೆ ಅದು ಸುಸ್ತಲ್ಲ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಬೇಕು, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬಾರದು.

ಹೆಣ್ಣುಮಕ್ಕಳಿಗೆ ಮಾತ್ರ ಈ ಸಲಹೆಯನ್ನು ಅಷ್ಟು ಸುಲಭವಾಗಿ ಕೊಡಲು ನಮಗೆ ಬಾಯಿ ಬರುವುದಿಲ್ಲ. ಗರಡಿಯ ಕಿರುಬಾಗಿಲು ಅವರಿಗೆ ಯಾವತ್ತೂ ತೆರೆದಿರಲಿಲ್ಲ. ಈಗ ಹುದ್ದೆ ತೆರೆದಿದೆ, ಮುಂಜಾವಿನ ಆ ತಂಪು ಗಂಟೆ ತೆರೆದಿಲ್ಲ. ಕತ್ತಲಲ್ಲಿ ಊರಾಚೆಯ ರಸ್ತೆಗೆ ಮಗಳನ್ನು ಕಳಿಸಲು ಅಪ್ಪ ಅವ್ವ ಒಪ್ಪುವುದಿಲ್ಲ, ಒಪ್ಪದಿರಲು ಅವರಿಗೆ ಕಾರಣಗಳೂ ಇವೆ. ಹಾಗಾಗಿ ಅವರು ಮನೆಗೆಲಸ ಮುಗಿಸಿ, ಜನ ಓಡಾಡುವ ಹೊತ್ತಿಗೆ, ಅಂದರೆ ಬಿಸಿಲು ಏರಿದ ಮೇಲೆ ಓಡುತ್ತಾರೆ. ಅವರಿಗೆ ಉಳಿಯುವುದು ಬೇಲಿ ಮತ್ತು ದೀಪ ಇರುವ ತಾಲ್ಲೂಕು ಕ್ರೀಡಾಂಗಣ. ನಾವು ನೋಡಿದ ಒಂದು ಕ್ರೀಡಾಂಗಣದ ಗೇಟು ತೆರೆಯುವುದು 6.30ಕ್ಕೆ. ಏಪ್ರಿಲ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದು 6ರ ಸುಮಾರಿಗೆ. ಅದೇ ಗೇಟಿನ ಬೀಗ ಎರಡು ತಿಂಗಳ ಮಟ್ಟಿಗೆ 5ಕ್ಕೆ ತೆಗೆಯಿರಿ ಎಂದು ಅಲ್ಲಿ ಓಡುವ ಹುಡುಗಿಯರು ಬರೆದ ಅರ್ಜಿಗೆ ನಾವೂ ಸಹಿ ಹಾಕಿದ್ದೇವೆ. ಕಚೇರಿಯ ಬಾಗಿಲನ್ನು ಬೇಸಿಗೆಗೆಂದು 8ಕ್ಕೆ ತೆಗೆಯುವವರಿಗೆ ಇದೂ ಅರ್ಥವಾಗಬೇಕು.